ಗಾಳಿ ಬರುವ ಮುನ್ನ ಕಣ ಮಾಡುವ ಲೆಕ್ಕ

“ಗಾಳಿ ಬಂದಾಗ ತೂರಿಕೋ” ಎಂಬುದು ನಮ್ಮ ಹಿರಿಯರ ಮಾತು. ಮಾತು ಚಿಕ್ಕದು, ಆದರೆ ಅದರ ಹಿಂದೆ ದೊಡ್ಡದೊಂದು ಸಿದ್ಧತೆಯಿದೆ. ಗಾಳಿ ಬೀಸತೊಡಗಿದ ಮೇಲೆ ಯಾವ ರೈತನೂ ಕಣ ಮಾಡಲು ಹೊರಡುವುದಿಲ್ಲ. ಎಷ್ಟೋ ದಿನ ಮೊದಲೇ ನೆಲ ಕೆತ್ತಿ, ನೀರು ಹನಿಸಿ, ಬಡಿದು, ಸಗಣಿಯಿಂದ ಸಾರಿಸಿ ಕಣವನ್ನು ಅಣಿಮಾಡಿರುತ್ತಾನೆ. ತೆನೆಯನ್ನು ತುಳಿಸಿ ರಾಶಿ ಹಾಕಿರುತ್ತಾನೆ. ಮೊರ ಹಿಡಿದು ಕಾದಿರುತ್ತಾನೆ. ಗಾಳಿ ಯಾವ ಹೊತ್ತಿಗೆ ಬಂದೀತು, ಎಷ್ಟು ಬೀಸೀತು ಎಂಬುದು ಅವನಿಗೆ ತಿಳಿಯದು. ತಿಳಿಯದಿದ್ದರೂ ಕಣದ ಅಗಲವೆಷ್ಟಿರಬೇಕೆಂಬುದನ್ನು ಮಾತ್ರ ಅವನು ಮೊದಲೇ ನಿರ್ಧರಿಸಬೇಕು.

ಗಾಳಿಯಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ರಾಷ್ಟ್ರಗಳೆಲ್ಲ ಇಂದು ಈ ರೈತನ ಸ್ಥಿತಿಯಲ್ಲಿವೆ. 2025ರ ಮಾರ್ಚ್ ತಿಂಗಳ ಕೊನೆಯ ವೇಳೆಗೆ ಭಾರತದ ಗಾಳಿಯಂತ್ರಗಳ ಒಟ್ಟು ಸಾಮರ್ಥ್ಯ 50,000 ಮೆಗಾವ್ಯಾಟನ್ನು ದಾಟಿತು. ಚಿತ್ರದುರ್ಗದ ಬೆಟ್ಟಸಾಲಿನಲ್ಲಿ, ಗದಗ ಕೊಪ್ಪಳಗಳ ಬಯಲಿನಲ್ಲಿ ಮೂರು ರೆಕ್ಕೆಯ ಬಿಳಿಯ ಯಂತ್ರಗಳು ತಿರುಗುವುದನ್ನು ರೈಲಿನ ಕಿಟಕಿಯಿಂದ ಕಂಡ ಮಕ್ಕಳು ಅವನ್ನು ಎಣಿಸುವುದೇ ಒಂದು ಆಟ. ಆದರೆ ಆ ಯಂತ್ರಗಳಿಂದ ನಗರದ ಮನೆಗೆ ಶಕ್ತಿಯನ್ನು ಹೊತ್ತು ತರುವ ತಂತಿಯ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಗಾಳಿಗೆ ಆ ತಂತಿಯೇ ಕಣ. ಅದು ಕಿರಿದಾದರೆ ಬಂದ ಗಾಳಿ ವ್ಯರ್ಥ. ಅತಿ ಹಿರಿದಾದರೆ ಹಾಕಿದ ಹಣ ವ್ಯರ್ಥ. ಆ ಹಣವಾದರೋ ಕಡೆಗೆ ಬರುವುದು ನಮ್ಮ ನಿಮ್ಮ ಮನೆಯ ವಿದ್ಯುತ್ ಬಿಲ್ಲಿನಿಂದ. ಆದುದರಿಂದ ಈ ಲೆಕ್ಕ ಕೇವಲ ಎಂಜಿನಿಯರುಗಳದಲ್ಲ; ಸಂಸಾರವಂದಿಗರೆಲ್ಲರೂ ಸ್ವಲ್ಪ ತಿಳಿದಿರಬೇಕಾದುದು.

ಗಾಳಿಯ ಗುಣ

ವಿದ್ಯುಚ್ಛಕ್ತಿಗೆ ಒಂದು ವಿಚಿತ್ರ ಸ್ವಭಾವವಿದೆ. ಅಕ್ಕಿಯಂತೆ ಅದನ್ನು ಕಣಜದಲ್ಲಿ ತುಂಬಿಡಲಾಗದು. ನಾವು ಮನೆಯಲ್ಲಿ ಸ್ವಿಚ್ಚು ಒತ್ತಿದ ಕ್ಷಣದಲ್ಲಿಯೇ ಎಲ್ಲಿಯೋ ಒಂದು ಯಂತ್ರ ಆ ಹೆಚ್ಚಿನ ಭಾರವನ್ನು ಹೊರಬೇಕು. ಉತ್ಪಾದನೆ ಮತ್ತು ಬಳಕೆ ಎರಡೂ ಸರಿದೂಗಿದಾಗ ಮಾತ್ರ ನಮ್ಮ ದೇಶದ ವಿದ್ಯುತ್ ಜಾಲವು ಸೆಕೆಂಡಿಗೆ 50 ಆವರ್ತಗಳ ತಾಳದಲ್ಲಿ ನಡೆಯುತ್ತದೆ. ಆ ತಾಳ ಬಹಳವಾಗಿ ತಪ್ಪಿದರೆ ಯಂತ್ರಗಳು ಒಂದೊಂದಾಗಿ ಕಳಚಿಕೊಂಡು ಊರಿಗೆ ಊರೇ ಕತ್ತಲಾಗಬಹುದು. ಈಗ ದೊಡ್ಡ ದೊಡ್ಡ ಬ್ಯಾಟರಿಗಳು ಬಂದಿವೆಯೆಂಬುದು ನಿಜ. ಅವು ಕೆಲವು ಗಂಟೆಗಳ ಮಟ್ಟಿಗೆ ಶಕ್ತಿಯನ್ನು ಹಿಡಿದಿಡಬಲ್ಲವು. ಆಷಾಢದ ಗಾಳಿಯನ್ನು ಫಾಲ್ಗುಣಕ್ಕೆ ಉಳಿಸಿಡಲಾರವು.

ಇಂಥ ಜಾಲಕ್ಕೆ ಗಾಳಿಯನ್ನು ಸೇರಿಸುವುದೆಂದರೆ ಶಿಸ್ತಿನ ಸಂಸಾರಕ್ಕೆ ಮನಸ್ವಿಯಾದ ಅಳಿಯನನ್ನು ತಂದಂತೆ. ಗಾಳಿಯ ವೇಗಕ್ಕೂ ಅದರಿಂದ ದೊರೆಯುವ ಶಕ್ತಿಗೂ ಇರುವ ಸಂಬಂಧ ನೇರವಾದುದಲ್ಲ. ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಅರ್ಧವಾಗುವುದಿಲ್ಲ, ಎಂಟನೆಯ ಒಂದು ಭಾಗವಾಗುತ್ತದೆ. ಸಾಮಾನ್ಯವಾದ ಗಾಳಿಯಂತ್ರವೊಂದು ಸೆಕೆಂಡಿಗೆ ಸುಮಾರು 3 ಮೀಟರು ವೇಗದ ಗಾಳಿಯಲ್ಲಿ ಕಣ್ದೆರೆಯುತ್ತದೆ. ಸುಮಾರು 12 ಮೀಟರಿಗೆ ಪೂರ್ಣ ಶಕ್ತಿ ಕೊಡುತ್ತದೆ. 25 ಮೀಟರಿನ ಹತ್ತಿರದ ಬಿರುಗಾಳಿಯಾದರೆ ತನ್ನ ರಕ್ಷಣೆಗಾಗಿ ತಾನೇ ನಿಂತುಬಿಡುತ್ತದೆ. ನೂರು ಮೆಗಾವ್ಯಾಟಿನ ಗಾಳಿಯಂತ್ರಗಳನ್ನು ನೆಟ್ಟರೆ ವರ್ಷದ ಸರಾಸರಿಯಲ್ಲಿ ದೊರೆಯುವುದು ಅದರ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ.

ಹಾಗಾದರೆ ಅದಕ್ಕೆ ಎಳೆಯುವ ತಂತಿ ನೂರು ಮೆಗಾವ್ಯಾಟಿಗೆ ಸಾಲುವಂತಿರಬೇಕೆ, ಮೂವತ್ತಕ್ಕೆ ಸಾಲುವಂತಿರಬೇಕೆ? ನೂರಕ್ಕೆಂದು ಎಳೆದರೆ ವರ್ಷದ ಬಹುಕಾಲ ಅದು ಅರೆಬರಿದಾಗಿ ಕುಳಿತಿರುತ್ತದೆ. ಮೂವತ್ತಕ್ಕೆಂದು ಎಳೆದರೆ, ಗಾಳಿಯು ಮೈದುಂಬಿ ಬೀಸುವ ದಿನಗಳಲ್ಲಿಯೇ ಯಂತ್ರಗಳನ್ನು ಕೈಕಟ್ಟಿ ನಿಲ್ಲಿಸಬೇಕಾಗುತ್ತದೆ. ಸರಾಸರಿಯನ್ನು ನಂಬಿ ಯೋಜನೆ ಮಾಡುವವನು ಎರಡೂ ಕಡೆ ಸೋಲುತ್ತಾನೆ. ಹೊಳೆಯ ಸರಾಸರಿ ಆಳ ಮೊಣಕಾಲುದ್ದವೆಂದು ನಂಬಿ ಇಳಿದವನು ನಡುಮಡುವಿನಲ್ಲಿ ಮುಳುಗುವುದಿಲ್ಲವೆ?

ಋತುವಿನ ತೊಡಕು ಇನ್ನೊಂದು. ಕರ್ನಾಟಕದಲ್ಲಿ ಗಾಳಿಯ ಸುಗ್ಗಿ ನೈಋತ್ಯ ಮುಂಗಾರಿನೊಡನೆ ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅದರ ಆರ್ಭಟ. ಆದರೆ ನಮಗೆ ವಿದ್ಯುತ್ತಿನ ಹಸಿವು ಹೆಚ್ಚುವುದು ಫೆಬ್ರವರಿಯಿಂದ ಏಪ್ರಿಲಿನವರೆಗೆ. ಹೊಲಗಳ ಪಂಪುಸೆಟ್ಟುಗಳು, ನಗರದ ಫ್ಯಾನುಗಳು, ಮಕ್ಕಳ ಪರೀಕ್ಷೆಯ ಓದು ಎಲ್ಲವೂ ಒಟ್ಟಿಗೆ ಬರುವ ಕಾಲ ಅದು. ಊಟ ಮುಗಿದ ಮೇಲೆ ಅಡುಗೆ ಸಿದ್ಧವಾದಂತೆ ಗಾಳಿಯ ರೀತಿ.

ಹಿರಿಯರು ಕಂಡ ದಾರಿ

ಪ್ರಕೃತಿಯ ಚಂಚಲತೆಯನ್ನು ನಂಬಿ ತಂತಿ ಎಳೆಯುವ ಸಾಹಸ ನಮ್ಮ ನಾಡಿಗೆ ಹೊಸದಲ್ಲ. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ವಿದ್ಯುತ್ತು ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದುದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರೂ ಎಂಜಿನಿಯರ್ ಜೋಲಿ ದ ಲೋಬಿನಿಯೇರ್ ಅವರೂ ಈ ಕಾರ್ಯಕ್ಕೆ ಕೈಹಾಕಿದಾಗ ಅವರ ಮುಂದೆ ಒಂದು ಅನುಕೂಲವಿತ್ತು: ತಂತಿಯ ಆ ತುದಿಯಲ್ಲಿ ಕೊಳ್ಳುವವನು ಸಿದ್ಧನಾಗಿದ್ದ. ಗಣಿಯ ಯಂತ್ರಗಳಿಗೆ ಹಗಲುರಾತ್ರಿ ಶಕ್ತಿ ಬೇಕಾಗಿತ್ತು.

ಆದರೆ ಈ ತುದಿಯಲ್ಲಿದ್ದ ಕಾವೇರಿ ಹಗಲುರಾತ್ರಿ ಒಂದೇ ಸಮನಾಗಿ ಹರಿಯುವ ನದಿಯಲ್ಲ. ಮಳೆಗಾಲದಲ್ಲಿ ಉಕ್ಕಿ ಹರಿದು, ಬೇಸಗೆಯಲ್ಲಿ ಬತ್ತಿ ಸಣ್ಣಗಾಗುವುದು ಅದರ ಸ್ವಭಾವ. ಬೇಸಗೆಯಲ್ಲಿಯೂ ಶಿವನಸಮುದ್ರದ ಯಂತ್ರಗಳಿಗೆ ನೀರು ತಪ್ಪದಂತೆ ಮಾಡಬೇಕೆಂಬುದು, ನೀರಾವರಿಯೊಡನೆ, 1911ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಲು ಒಂದು ಮುಖ್ಯ ಕಾರಣವಾಯಿತು. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆರೆತುಹೋಗಿರುವ ಆ ಕಟ್ಟೆಯನ್ನು ಈ ದೃಷ್ಟಿಯಿಂದ ನೋಡಿದರೆ, ಅದು ನದಿಯ ಅನಿಶ್ಚಿತತೆಗೆ ನಮ್ಮವರು ಕೊಟ್ಟ ಉತ್ತರ. ಮುಂದೆ 1948ರಲ್ಲಿ ಜೋಗ, 1964ರಲ್ಲಿ ಲಿಂಗನಮಕ್ಕಿ ಬಂದವು. 1985ರಲ್ಲಿ ರಾಯಚೂರಿನ ಕಲ್ಲಿದ್ದಲ ಕೇಂದ್ರ ಆರಂಭವಾಗುವವರೆಗೂ ಈ ರಾಜ್ಯದ ವಿದ್ಯುತ್ತು ಬಹುಮಟ್ಟಿಗೆ ಮಳೆಯ ಕೊಡುಗೆಯೇ ಆಗಿತ್ತು. ಮಳೆ ಕೈಕೊಟ್ಟ ವರ್ಷ ವಿದ್ಯುತ್ ಕಡಿತವೂ ತಪ್ಪುತ್ತಿರಲಿಲ್ಲ.

ನದಿಗೆ ಕಟ್ಟೆ ಕಟ್ಟಬಹುದು. ಗಾಳಿಗೆ ಕಟ್ಟೆಯಿಲ್ಲ. ಬೀಸಿದಾಗ ಹಿಡಿಯಬೇಕು, ಹಿಡಿದುದನ್ನು ಆ ಕ್ಷಣದಲ್ಲಿಯೇ ಬೇಕಾದವರ ಬಳಿಗೆ ಸಾಗಿಸಬೇಕು. ಈ ಸಾಗಣೆಯ ಪ್ರಶ್ನೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ನಾಡೊಂದರ ಅನುಭವ ನಮಗೆ ಪಾಠವಾಗುವಂತಹುದು. ಅದು ಅಮೆರಿಕದ ಟೆಕ್ಸಾಸ್ ರಾಜ್ಯ.

ಟೆಕ್ಸಾಸಿನ ಸಾಹಸ

ಟೆಕ್ಸಾಸಿನ ಪಶ್ಚಿಮ ಭಾಗ ಮರಗಳಿಲ್ಲದ, ಜನವಿರಳವಾದ ಒಣ ಬಯಲು. ಎಣ್ಣೆಯ ಬಾವಿಗಳು, ದನದ ಹಿಂಡುಗಳು, ಹತ್ತಿಯ ಹೊಲಗಳು, ಇವುಗಳ ಮೇಲೆ ಎಡೆಬಿಡದೆ ಬೀಸುವ ಗಾಳಿ. ಜನರು ತುಂಬಿರುವ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ಸ್ಯಾನ್ ಆಂಟೋನಿಯೋ ನಗರಗಳು ಇರುವುದು ಅಲ್ಲಿಂದ ನೂರಾರು ಮೈಲಿ ಪೂರ್ವಕ್ಕೆ. 1999ರಲ್ಲಿ ಆ ರಾಜ್ಯವು ಒಂದು ಶಾಸನ ಮಾಡಿ, 2009ರ ಒಳಗೆ 2,000 ಮೆಗಾವ್ಯಾಟಿನಷ್ಟು ಹೊಸ ನವೀಕೃತ ಶಕ್ತಿಯನ್ನು ಸೇರಿಸಬೇಕೆಂದು ಗೊತ್ತುಪಡಿಸಿತು. ಗಾಳಿಯಂತ್ರಗಳು ಎಷ್ಟು ಬೇಗ ಎದ್ದುನಿಂತವೆಂದರೆ, ಗುರಿಯು ಕಾಲಕ್ಕಿಂತ ಮೊದಲೇ ತಲುಪಿತು.

ಆಗ ತೊಡಕು ಎದುರಾಯಿತು. ಯಂತ್ರಗಳು ಹೆಚ್ಚಿದವು, ತಂತಿ ಹೆಚ್ಚಲಿಲ್ಲ. ಮೆಕ್‌ಕ್ಯಾಮಿ ಎಂಬ ಚಿಕ್ಕ ಊರಿನ ಸುತ್ತ ನೆಟ್ಟ ಯಂತ್ರಗಳು ಗಾಳಿಯಿದ್ದರೂ ತಂತಿಯಿಲ್ಲದೆ ನಿಲ್ಲಬೇಕಾಗಿ ಬಂತು. ಗಾಳಿಯಂತ್ರವನ್ನು ಒಂದೆರಡು ವರ್ಷದಲ್ಲಿ ನೆಡಬಹುದು; ದೊಡ್ಡ ವಿದ್ಯುತ್ ಮಾರ್ಗಕ್ಕೆ ಸರ್ವೆ, ಅನುಮತಿ, ಜಮೀನು, ನಿರ್ಮಾಣ ಎಲ್ಲ ಸೇರಿ ಐದು ವರ್ಷಕ್ಕೆ ಕಡಿಮೆಯಿಲ್ಲ. ತಂತಿಯಿಲ್ಲದ ಕಡೆ ಯಂತ್ರ ನೆಡಲು ಯಾವ ವ್ಯಾಪಾರಿಯೂ ಮುಂದೆ ಬರುವುದಿಲ್ಲ. ಯಂತ್ರವಿಲ್ಲದ ಬಯಲಿಗೆ ತಂತಿ ಎಳೆಯಲು ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎನ್ನುವಂತಾಯಿತು ಪರಿಸ್ಥಿತಿ.

ಈ ಕಗ್ಗಂಟನ್ನು ಬಿಡಿಸಲು 2005ರಲ್ಲಿ ಅಲ್ಲಿನ ಶಾಸನಸಭೆ ಒಂದು ಹೊಸ ಕ್ರಮ ಕೈಗೊಂಡಿತು. ಗಾಳಿ ಹೇರಳವಾಗಿರುವ ವಲಯಗಳನ್ನು ಗುರುತಿಸಿ, ಯಂತ್ರಗಳು ಬರುವ ಮೊದಲೇ ಅಲ್ಲಿಗೆ ತಂತಿ ಎಳೆಯುವ ಅಧಿಕಾರವನ್ನು ರಾಜ್ಯದ ಆಯೋಗಕ್ಕೆ ಕೊಟ್ಟಿತು. ಆಯೋಗ ಕಣ್ಣುಮುಚ್ಚಿ ನಡೆಯಲಿಲ್ಲ. ಗಾಳಿಯಂತ್ರ ನೆಡುತ್ತೇವೆನ್ನುವ ಕಂಪೆನಿಗಳು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಜಮೀನಿನ ಗುತ್ತಿಗೆಯ ಪತ್ರವನ್ನೋ ಬ್ಯಾಂಕಿನ ಖಾತರಿಯನ್ನೋ ತೋರಿಸಬೇಕೆಂದಿತು. ಹೀಗೆ ಐದು ವಲಯಗಳು ಆಯ್ಕೆಯಾದವು.

ಇನ್ನು ಎಷ್ಟು ದೊಡ್ಡ ತಂತಿ? ಎಂಜಿನಿಯರುಗಳು ಒಂದೇ ಉತ್ತರ ಕೊಡದೆ ನಾಲ್ಕು ನಕ್ಷೆಗಳನ್ನು ಮುಂದಿಟ್ಟರು. ಅತಿ ಚಿಕ್ಕದು ಸುಮಾರು 12,000 ಮೆಗಾವ್ಯಾಟಿಗೆ ಸಾಲುವುದು. ದೊಡ್ಡವೆರಡು 24,000ಕ್ಕೂ ಮಿಕ್ಕುವುವು. 2008ರಲ್ಲಿ ಆಯೋಗವು ನಡುವಣದನ್ನು ಆರಿಸಿಕೊಂಡಿತು: ಮೊದಲೇ ಇದ್ದ ಯಂತ್ರಗಳೂ ಸೇರಿ 18,456 ಮೆಗಾವ್ಯಾಟು. ಅಂದಾಜು ವೆಚ್ಚ 493 ಕೋಟಿ ಡಾಲರು. ಆ ವೆಚ್ಚವನ್ನು ಹೊರಬೇಕಾದವರು ಗಾಳಿಯ ಕಂಪೆನಿಗಳಲ್ಲ; ಆ ಜಾಲಕ್ಕೆ ಸೇರಿದ ಬಳಕೆದಾರರೆಲ್ಲರೂ. ಊರಿಗೆ ಹಾಕಿಸಿದ ದಾರಿಗೆ ಊರೆಲ್ಲ ಕಂದಾಯ ಕೊಟ್ಟಂತೆ.

ತಂತಿಯ ಕೆಲಸ 2014ರ ಆರಂಭದ ಹೊತ್ತಿಗೆ ಮುಗಿಯಿತು. ಸುಮಾರು 3,600 ಮೈಲಿಗಳ ಮಾರ್ಗ. ವೆಚ್ಚ ಮಾತ್ರ 493 ಕೋಟಿಗೆ ನಿಲ್ಲದೆ ಸುಮಾರು 690 ಕೋಟಿ ಡಾಲರಿಗೆ ಏರಿತು. ನಕ್ಷೆಯ ಮೇಲೆ ಗೆರೆ ನೇರವಾಗಿ ಎಳೆಯಬಹುದು. ನೆಲದ ಮೇಲೆ ಜಮೀನಿನ ಎಲ್ಲೆಗಳನ್ನೂ ರಸ್ತೆಗಳನ್ನೂ ಅನುಸರಿಸಿ ಸುತ್ತಿ ಹೋಗಬೇಕಾಗುತ್ತದೆ. ಅದರ ಫಲವೇನಾಯಿತು? 2009ರಲ್ಲಿ, ಟೆಕ್ಸಾಸಿನ ಗಾಳಿಯಂತ್ರಗಳು ಕೊಡಬಹುದಾಗಿದ್ದ ಶಕ್ತಿಯಲ್ಲಿ ನೂರಕ್ಕೆ 17ರಷ್ಟು ತಂತಿಯ ಕೊರತೆ ಮೊದಲಾದ ಕಾರಣಗಳಿಂದ ವ್ಯರ್ಥವಾಗಿತ್ತು. 2014ರಲ್ಲಿ ಅದು ನೂರಕ್ಕೆ ಅರ್ಧದಷ್ಟಕ್ಕೆ ಇಳಿಯಿತು.

ಹಾಗೆಂದು ಅವರ ಊಹೆಯೆಲ್ಲ ನಿಜವಾಯಿತೆಂದು ಭಾವಿಸಬಾರದು. 2008ರಲ್ಲಿ ದುಬಾರಿಯಾಗಿದ್ದ ನೈಸರ್ಗಿಕ ಅನಿಲ, ಶಿಲಾಪದರಗಳನ್ನು ಸೀಳಿ ತೆಗೆಯುವ ವಿಧಾನದಿಂದ ಕೆಲವೇ ದಿನಗಳಲ್ಲಿ ಅಗ್ಗವಾಯಿತು. ಗಾಳಿಯಿಂದ ಆಗಬಹುದಾಗಿದ್ದ ಉಳಿತಾಯ ಅಷ್ಟರ ಮಟ್ಟಿಗೆ ತಗ್ಗಿತು. ಅದೇ ಸಮಯದಲ್ಲಿ ಪಶ್ಚಿಮದ ಎಣ್ಣೆಯ ಬಾವಿಗಳು ಮತ್ತೆ ಚುರುಕಾಗಿ, ಶಕ್ತಿಯನ್ನು ಹೊರಕ್ಕೆ ಕಳುಹಿಸಲೆಂದು ಎಳೆದ ತಂತಿಯ ಮಗ್ಗುಲಲ್ಲಿಯೇ ಬೇಡಿಕೆ ಬೆಳೆಯಿತು. 2008ರಲ್ಲಿ ಯಾರೂ ಹೆಚ್ಚು ಲೆಕ್ಕಕ್ಕೆ ಹಿಡಿಯದಿದ್ದ ಸೌರಶಕ್ತಿ ಮುಂದೆ ಅದೇ ತಂತಿಯನ್ನು ಬಳಸಿಕೊಂಡಿತು. ಗಾಳಿಯಂತ್ರಗಳೂ 18,456ರ ಅಂಕೆಯನ್ನು ಹಿಂದೆ ಹಾಕಿ ಬೆಳೆದುದರಿಂದ ವ್ಯರ್ಥವಾಗುವ ಶಕ್ತಿಯ ಪ್ರಮಾಣ ಮತ್ತೆ ಏರಿತು. ಎಣಿಸಿದ ಕಾರಣಕ್ಕಿಂತ ಎಣಿಸದ ಕಾರಣಗಳಿಗೇ ತಂತಿ ಹೆಚ್ಚು ಉಪಯೋಗಕ್ಕೆ ಬಂದಿತೆನ್ನಬಹುದು.

ಪಶ್ಚಾತ್ತಾಪದ ಗಣಿತ

ಭವಿಷ್ಯ ಹೀಗೆ ಕೈಗೆ ಸಿಕ್ಕದಿರುವಾಗ ಯೋಜನೆ ಮಾಡುವುದಾದರೂ ಹೇಗೆ? ಹಿಂದೆ ಎಂಜಿನಿಯರುಗಳು “ಮುಂದೆ ಏನಾಗುತ್ತದೆ?” ಎಂದು ಕೇಳಿ, ದೊರೆತ ಒಂದು ಉತ್ತರಕ್ಕೆ ತಕ್ಕಂತೆ ಕಟ್ಟುತ್ತಿದ್ದರು. ಈಗ ಕೇಳುವ ಪ್ರಶ್ನೆ ಬೇರೆ: “ಹೀಗಾದರೆ ಏನು ಮಾಡೋಣ? ಹಾಗಾದರೆ ಏನು ಮಾಡೋಣ? ಯಾವುದಾದರೂ ನಾವು ಅತಿಯಾಗಿ ಪಶ್ಚಾತ್ತಾಪ ಪಡದಿರುವ ದಾರಿ ಯಾವುದು?” ಹಲವು ವರ್ಷಗಳ ಗಾಳಿಯ ದಾಖಲೆಯನ್ನು ಗಂಟೆಗಂಟೆಗೂ ಬಿಡಿಸಿಟ್ಟು, ಬಳಕೆಯ ಏರಿಳಿತ, ಇಂಧನದ ಬೆಲೆ, ಮಳೆಯ ಹೆಚ್ಚುಕಡಿಮೆಗಳೊಡನೆ ಹೆಣೆದು, ನೂರಾರು ಬಗೆಯ “ನಾಳೆ”ಗಳನ್ನು ಗಣಕಯಂತ್ರದಲ್ಲಿ ನಡೆಸಿ ನೋಡುತ್ತಾರೆ.

ಇದು ನಮ್ಮ ಗೃಹಿಣಿಯರಿಗೆ ಅಪರಿಚಿತವಾದ ವಿದ್ಯೆಯೇನಲ್ಲ. ಮದುವೆಯ ಮನೆಯಲ್ಲಿ ಎಷ್ಟು ಜನ ಬಂದಾರೆಂಬುದು ಯಾರಿಗೂ ತಿಳಿಯದು. ಮುನ್ನೂರೆಂದು ಅಕ್ಕಿ ನೆನೆಹಾಕಿದ ಮನೆಗೆ ಐನೂರು ಮಂದಿ ಬಂದರೆ ಮರ್ಯಾದೆ ಹೋಗುತ್ತದೆ; ಐನೂರೆಂದು ಬೇಯಿಸಿ ಮುನ್ನೂರು ಮಂದಿ ಬಂದರೆ ಅನ್ನ ಹಾಳು. ಜಾಣೆಯಾದ ಹಿರಿಯಳು ಐನೂರು ಜನಕ್ಕೆ ಸಾಲುವ ಪಾತ್ರೆಗಳನ್ನೂ ಒಲೆಗಳನ್ನೂ ಮೊದಲೇ ತರಿಸಿಟ್ಟು, ಅನ್ನವನ್ನು ಮಾತ್ರ ಮುನ್ನೂರು ಜನಕ್ಕೆ ಮಾಡಿಸಿ, ಎಸರು ಕಾಯಿಸಿಟ್ಟುಕೊಂಡು, ಪಂಕ್ತಿಯನ್ನು ನೋಡಿ ಮತ್ತೆ ಅಕ್ಕಿ ಹಾಕಿಸುತ್ತಾಳೆ. ಇಂದೇ ಮಾಡಬೇಕಾದುದು ಯಾವುದು, ನಾಳೆಗೆ ಬಿಡಬಹುದಾದುದು ಯಾವುದು ಎಂದು ಬೇರ್ಪಡಿಸುವುದರಲ್ಲಿದೆ ಆಕೆಯ ಜಾಣತನ.

ತಂತಿಯ ವಿಷಯದಲ್ಲಿ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸಣ್ಣ ಮಾರ್ಗಕ್ಕೆ 100 ಕೋಟಿ, ದೊಡ್ಡದಕ್ಕೆ 160 ಕೋಟಿ ರೂಪಾಯಿ ತಗಲುವುದೆನ್ನಿ. ಸಣ್ಣದನ್ನು ಕಟ್ಟಿದ ಮೇಲೆ ಗಾಳಿಯಂತ್ರಗಳು ಬಹಳವಾಗಿ ಬಂದರೆ ವ್ಯರ್ಥವಾಗುವ ಶಕ್ತಿಯ ನಷ್ಟ 150 ಕೋಟಿಯಾಗಲಿ. ಆಗ ಒಟ್ಟು ಹೊರೆ 250 ಕೋಟಿ. ದೊಡ್ಡದನ್ನೇ ಕಟ್ಟಿದ್ದರೆ 160ರಲ್ಲಿ ಮುಗಿಯುತ್ತಿತ್ತು. ಪಶ್ಚಾತ್ತಾಪ 90 ಕೋಟಿ. ಅದಕ್ಕೆ ಬದಲಾಗಿ ದೊಡ್ಡದನ್ನು ಕಟ್ಟಿ ಯಂತ್ರಗಳು ಬಾರದೆ ಹೋದರೆ ಪಶ್ಚಾತ್ತಾಪ 60 ಕೋಟಿ. ಮೂರನೆಯ ದಾರಿಯೊಂದಿದೆ. ಎರಡು ಸಾಲು ತಂತಿಯನ್ನು ಹೊರಬಲ್ಲ ಗೋಪುರಗಳನ್ನೇ ನಿಲ್ಲಿಸಿ, ಸದ್ಯಕ್ಕೆ ಒಂದು ಸಾಲು ಮಾತ್ರ ಎಳೆಯುವುದು. ಅದಕ್ಕೆ 115 ಕೋಟಿ. ಬೇಕಾದಾಗ ಎರಡನೆಯ ಸಾಲಿಗೆ ಇನ್ನು 60 ಕೋಟಿ. ಯಂತ್ರಗಳು ಬಾರದಿದ್ದರೆ ಪಶ್ಚಾತ್ತಾಪ 15 ಕೋಟಿ. ಬಂದರೆ 175ರಲ್ಲಿ 160 ಕಳೆದು, ಆಗಲೂ 15 ಕೋಟಿ. ಯಾವ ನಾಳೆ ಬಂದರೂ ಈ ದಾರಿ ಅತ್ಯುತ್ತಮವಲ್ಲ; ಆದರೆ ಯಾವ ನಾಳೆ ಬಂದರೂ ಅನಾಹುತವಿಲ್ಲ. ಆ 15 ಕೋಟಿ, ತಿಳಿಯದ ನಾಳೆಗೆ ನಾವು ಇಂದು ತೆರುವ ವಿಮೆಯ ಕಂತು. ಟೆಕ್ಸಾಸಿನ ಉತ್ತರದ ಮೂಲೆಯಲ್ಲಿ ಈ ಉಪಾಯವನ್ನೇ ಮಾಡಿದರು: ಎರಡು ಸಾಲಿನ ಗೋಪುರಗಳ ಮೇಲೆ ಮೊದಲು ಒಂದೇ ಸಾಲು, ಯಂತ್ರಗಳು ಹೆಚ್ಚಿದ ಮೇಲೆ ಎರಡನೆಯದು.

ದೂರದ ನೆಂಟರು

ತಂತಿಗೆ ಇನ್ನೊಂದು ಗುಣವಿದೆ. ಒಂದೂರಿನಲ್ಲಿ ಗಾಳಿ ನಿಂತಾಗ ಮತ್ತೊಂದೂರಿನಲ್ಲಿ ಬೀಸುತ್ತಿರಬಹುದು. ಒಂದು ನಾಡಿನಲ್ಲಿ ಬೇಡಿಕೆ ತಗ್ಗಿದಾಗ ಇನ್ನೊಂದರಲ್ಲಿ ಏರಿರಬಹುದು. ಪಶ್ಚಿಮ ಟೆಕ್ಸಾಸಿನ ಗಾಳಿ ರಾತ್ರಿಯ ಹೊತ್ತು ಜೋರು. ಕಡಲತೀರದ ಗಾಳಿ ಬೇಸಗೆಯ ಮಧ್ಯಾಹ್ನಗಳಲ್ಲಿ ಏಳುತ್ತದೆ. ಇವೆರಡನ್ನೂ ತಂತಿಯಿಂದ ಕೂಡಿಸಿದರೆ ಒಂದರ ಕೊರತೆಯನ್ನು ಮತ್ತೊಂದು ಸ್ವಲ್ಪವಾದರೂ ತುಂಬುತ್ತದೆ. ತನ್ನ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಗಾಳಿಯಿಂದ ಪಡೆಯುವ ಡೆನ್ಮಾರ್ಕ್ ದೇಶವು ಕಡಲಡಿಯ ತಂತಿಗಳಿಂದ ನಾರ್ವೆಯೊಡನೆ ಸೇರಿಕೊಂಡಿದೆ. ಡೆನ್ಮಾರ್ಕಿನಲ್ಲಿ ಗಾಳಿ ಬೀಸಿದಾಗ ನಾರ್ವೆ ತನ್ನ ಜಲಾಶಯದ ನೀರನ್ನು ಉಳಿಸಿಕೊಳ್ಳುತ್ತದೆ. ಗಾಳಿ ನಿಂತಾಗ ಆ ನೀರನ್ನು ಬಿಟ್ಟು ವಿದ್ಯುತ್ತನ್ನು ಹಿಂದಕ್ಕೆ ಕಳುಹಿಸುತ್ತದೆ. ಗಾಳಿಗೆ ಕಟ್ಟೆಯಿಲ್ಲದಿದ್ದರೆ ನೆರೆಯವರ ನೀರಿನ ಕಟ್ಟೆಯೇ ಅದರ ಕಟ್ಟೆಯಾಯಿತು.

ಕರ್ನಾಟಕಕ್ಕೆ ಈ ಅನುಕೂಲ ಮನೆಯೊಳಗೇ ಇದೆ. ಗದಗಿನಲ್ಲಿ ಗಾಳಿ ಬೀಸಿದಷ್ಟು ಹೊತ್ತು ಲಿಂಗನಮಕ್ಕಿಯ ನೀರನ್ನು ಬೇಸಗೆಗೆ ಉಳಿಸಬಹುದು. ಆದರೆ ಗದಗಿನಿಂದ ಹೊರಡುವ ತಂತಿಯಲ್ಲಿ ಎಡೆಯಿರಬೇಕು. ತಮಿಳುನಾಡಿನ ಗಾಳಿಯೂ ನಮ್ಮ ಗಾಳಿಯೂ ಒಂದೇ ಮುಂಗಾರಿನ ಮಕ್ಕಳಾದುದರಿಂದ ದಕ್ಷಿಣದ ರಾಜ್ಯಗಳು ತಮ್ಮತಮ್ಮೊಳಗೆ ಕೊಡುಕೊಳ್ಳುವುದು ಅಷ್ಟಕ್ಕಷ್ಟೆ. ನಮಗೆ ಗಾಳಿ ಹೆಚ್ಚಾಗುವ ಜೂನ್ ಜುಲೈಗಳಲ್ಲಿ ಸೆಕೆಯಿಂದ ಬೇಯುವ ಉತ್ತರಭಾರತವೇ ನಿಜವಾದ ಗಿರಾಕಿ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಒಂದೇ ತಾಳಕ್ಕೆ ಬಂದಿತು. ಆ ನಂಟಿನ ಬೆಲೆ 2023ರ ಬರಗಾಲದಲ್ಲಿ ತಿಳಿಯಿತು. ಮಳೆ ಕೈಕೊಟ್ಟ ಆ ವರ್ಷ ಕರ್ನಾಟಕವು ಉತ್ತರಪ್ರದೇಶ, ಪಂಜಾಬುಗಳಿಂದ ವಿದ್ಯುತ್ತನ್ನು ಕೈಗಡ ತರುವ ಕರಾರು ಮಾಡಿಕೊಂಡಿತು. ಅದನ್ನು ಹಿಂದಿರುಗಿಸುವುದು ಮುಂದಿನ ಮಳೆಗಾಲದಲ್ಲಿ, ಅಂದರೆ ಗಾಳಿಯ ಸುಗ್ಗಿಯಲ್ಲಿ. ನೆರೆಮನೆಯಿಂದ ತಂದ ಸೇರು ಸಕ್ಕರೆಯನ್ನು ತಿಂಗಳ ಮೊದಲಲ್ಲಿ ಅಳೆದು ಕೊಟ್ಟಂತೆ.

ನಂಟಿಲ್ಲದವರ ಪಾಡನ್ನೂ ನೋಡಬೇಕು. ರಾಜ್ಯದೊಳಗೆ ಅಷ್ಟು ತಂತಿ ಎಳೆದ ಟೆಕ್ಸಾಸು ನೆರೆಯ ರಾಜ್ಯಗಳೊಡನೆ ಮಾತ್ರ ಹೆಚ್ಚಿನ ಸಂಬಂಧ ಬೆಳೆಸದೆ ತನ್ನ ಜಾಲವನ್ನು ಪ್ರತ್ಯೇಕವಾಗಿಯೇ ಇಟ್ಟುಕೊಂಡಿತ್ತು. 2021ರ ಫೆಬ್ರವರಿಯಲ್ಲಿ ಅಪೂರ್ವವಾದ ಹಿಮಗಾಳಿ ಬೀಸಿದಾಗ ಅನಿಲದ ಕೇಂದ್ರಗಳು ಎಲ್ಲಕ್ಕಿಂತ ಹೆಚ್ಚಾಗಿ, ಅವುಗಳೊಡನೆ ಗಾಳಿ, ಕಲ್ಲಿದ್ದಲಿನವೂ ಕೈಕೊಟ್ಟವು. ಹೊರಗಿನಿಂದ ತರಲು ದಾರಿ ಬಹಳ ಕಿರಿದಾಗಿತ್ತು. ಸರ್ಕಾರದ ಲೆಕ್ಕದಂತೆ ಆ ದುರಂತದಲ್ಲಿ ಸತ್ತವರು 246 ಮಂದಿ. ಆದರೆ ನಂಟಿಗೂ ತನ್ನದೇ ಆದ ಅಪಾಯವಿದೆ. 2012ರ ಜುಲೈ 31ರಂದು ನಮ್ಮ ದೇಶದ ಉತ್ತರ, ಪೂರ್ವ, ಈಶಾನ್ಯದ ಜಾಲಗಳು ಒಟ್ಟಿಗೆ ಕುಸಿದು, 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾದಾಗ, ಆಗಿನ್ನೂ ಬೇರೆ ತಾಳದಲ್ಲಿದ್ದ ದಕ್ಷಿಣಕ್ಕೆ ಅದು ತಟ್ಟಲಿಲ್ಲ. ನೆಂಟರೊಡನೆ ಸುಖವೂ ಹಂಚಿಕೆ, ಕಷ್ಟವೂ ಹಂಚಿಕೆ; ಕಾವಲು ಬಿಗಿಯಾಗಿರಬೇಕು ಅಷ್ಟೆ.

ತಂತಿಯ ಕೆಳಗಿನ ನೆಲ

ಇಷ್ಟೆಲ್ಲ ಲೆಕ್ಕದಲ್ಲಿ ಒಂದು ಅಂಶ ಸುಲಭವಾಗಿ ಮರೆತುಹೋಗುತ್ತದೆ. ಹೈಟೆನ್ಷನ್ ಲೈನು ಆಕಾಶದಲ್ಲಿ ಹೋದರೂ ಅದರ ಕಾಲು ಯಾರದೋ ಹೊಲದಲ್ಲಿರುತ್ತದೆ. ಗೋಪುರ ನಿಂತಷ್ಟು ನೆಲ ಉಳುಮೆಗೆ ಹೋಯಿತು; ತಂತಿಯ ಕೆಳಗೆ ತೆಂಗು ಮಾವು ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ. ಅದರ ಬೆಳಕು ಮಾತ್ರ ದೂರದ ನಗರಕ್ಕೆ. ನೆಲದ ಒಡೆಯನನ್ನು ಮೊದಲೇ ಕೇಳಿ, ತಕ್ಕ ಪರಿಹಾರ ಕೊಟ್ಟು ಒಪ್ಪಿಸುವುದು ದುಬಾರಿಯೆಂದು ತೋರಬಹುದು. ಆದರೆ ಗೋಪುರಗಳೆಲ್ಲ ನಿಂತು, ನಡುವೆ ಎರಡು ಹೊಲಗಳ ತಕರಾರಿನಿಂದ ತಂತಿ ವರ್ಷಗಟ್ಟಲೆ ತೂಗುಬಿದ್ದರೆ ಅದಕ್ಕಿಂತ ದುಬಾರಿ ಬೇರೊಂದಿಲ್ಲ.

ನೀರಿನ ಕಡೆಯೂ ಇದೇ ಮಾತು. ಗಾಳಿ ಬಿಸಿಲುಗಳ ಹೆಚ್ಚಳವನ್ನು ಹಿಡಿದಿಡಲೆಂದು ಶರಾವತಿ ಕಣಿವೆಯಲ್ಲಿ, ತಲಕಳಲೆ ಗೇರುಸೊಪ್ಪೆಗಳ ನಡುವೆ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸುವ 2,000 ಮೆಗಾವ್ಯಾಟಿನ ಯೋಜನೆಯನ್ನು ರೂಪಿಸಲಾಗಿದೆ. ಅಲ್ಲಿಯೇ ಸಿಂಗಳೀಕಗಳ ಅಭಯಾರಣ್ಯವಿರುವುದರಿಂದ ಪರಿಸರಪ್ರಿಯರ ವಿರೋಧವೂ ಬಲವಾಗಿದೆ. ಒಮ್ಮೆ ಕಡಿದ ಕಾಡನ್ನು ಎರಡನೆಯ ಸಾಲಿನ ತಂತಿಯಂತೆ ಬೇಕಾದಾಗ ಸೇರಿಸಿಕೊಳ್ಳಲು ಬಾರದು. ಪಶ್ಚಾತ್ತಾಪದ ಗಣಿತದಲ್ಲಿ ಹಿಂದಿರುಗಿಸಲಾಗದ ನಷ್ಟಗಳಿಗೆ ಬೇರೆಯದೇ ತೂಕ ಕೊಡಬೇಕಾಗುತ್ತದೆ.

ನಾವು ಕೇಳಬೇಕಾದುದು

ನಮ್ಮ ರಾಜ್ಯದಲ್ಲಿ ವಿದ್ಯುತ್ ದರವನ್ನು ಗೊತ್ತುಪಡಿಸುವ ಮೊದಲು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕರ ಅಹವಾಲನ್ನು ಕೇಳುತ್ತದೆ. ಯೂನಿಟ್ಟಿಗೆ ಎಷ್ಟು ಪೈಸೆ ಏರಿತೆಂದು ಮಾತ್ರ ನಾವು ವಿಚಾರಿಸುವುದು ವಾಡಿಕೆ. ಇನ್ನು ಮೂರು ಪ್ರಶ್ನೆಗಳನ್ನೂ ಕೇಳಬೇಕು. ಹೊಸ ತಂತಿಯನ್ನು ಒಂದೇ ಊಹೆಯ ಮೇಲೆ ಎಳೆಯುತ್ತಿದ್ದೀರೋ, ಹಲವು ನಾಳೆಗಳನ್ನು ಪರೀಕ್ಷಿಸಿ ನೋಡಿದ್ದೀರೋ? ಊಹೆ ತಪ್ಪಿದರೆ ಹೆಚ್ಚಿಸಲು ಅಥವಾ ಅಲ್ಲಿಗೇ ನಿಲ್ಲಿಸಲು ಎಡೆ ಬಿಟ್ಟಿದ್ದೀರೋ? ತಂತಿಯಿಲ್ಲದೆ ಕಳೆದ ವರ್ಷ ಎಷ್ಟು ಗಾಳಿ ವ್ಯರ್ಥವಾಯಿತು? ಇವಕ್ಕೆ ಸಮಾಧಾನಕರವಾದ ಉತ್ತರ ದೊರೆತರೆ ಬಿಲ್ಲಿನಲ್ಲಿ ಏರಿದ ಒಂದೆರಡು ಪೈಸೆ ವಿಮೆಯ ಕಂತಾಗಿದ್ದೀತು. ದೊರೆಯದಿದ್ದರೆ ಅದು ದಂಡ.

ಕೋಲಾರಕ್ಕೆ ತಂತಿ ಎಳೆದವರಿಗೂ ನಾಳೆಯ ಮಳೆ ತಿಳಿದಿರಲಿಲ್ಲ. ಅವರು ತಂತಿಯನ್ನು ಎಳೆದರು. ನದಿ ಬತ್ತುವುದನ್ನು ಕಂಡು ಕಟ್ಟೆಯನ್ನೂ ಕಟ್ಟಿದರು. ಗಾಳಿ ಎಷ್ಟು ಬೀಸೀತೆಂದು ನಮಗೆ ಯಾರೂ ಬರೆದುಕೊಡಲಾರರು. ಮುಂದಿನ ಆಷಾಢ ಬರುವುದಂತೂ ನಿಶ್ಚಯ. ಅಷ್ಟರಲ್ಲಿ ಕಣ ಅಣಿಯಾಗಿರಬೇಕು.